ಮೂರು ಟರ್ಬೊ ಯಾಕೆ ತಿರುಗಲಿಲ್ಲ

ಮುದ್ದೇಬಿಹಾಳದಲ್ಲಿ ಐ.ಟಿ.ಐ. ಓದುವ ನಾಲ್ಕು ಮಂದಿ ಹೋದ ತಿಂಗಳು ಬಸವನ ಬಾಗೇವಾಡಿಯ ನಮ್ಮ ಮನೆಗೆ ಬಂದಿದ್ದರು. ಅವರಲ್ಲಿ ಒಬ್ಬ ಹುಡುಗಿ, ಚಹಾ ಕೈಗೆ ಬರುವ ಮೊದಲೇ ಕೇಳಿದಳು: "ಚಾಚಾ, ನೀವು ರೇಸ್ ಕಾರಿನ ಇಂಜಿನ್ ಬಿಚ್ಚಿ ಜೋಡಸ್ತಿದ್ರಿ ಅಂತಲ್ರಿ. ಹ್ಯಾಂಗಿರ್ತೈತ್ರಿ ಅದು?"

ನಾನು ಎರಡೂ ಕೈ ಅಗಲಿಸಿ ಅಳತೆ ತೋರಿಸಿದೆ. "ಇಷ್ಟ ಇರ್ತೈತಿ."

"ಇಷ್ಟಽ?" ಅಂದಳು. ಅವಳ ಮುಖ ಸಪ್ಪಗಾಯಿತು. ನನಗೆ ನಗು ಬಂತು, ಏಕೆಂದರೆ ಮೊದಲ ಸಲ ಅದನ್ನು ಕಂಡಾಗ ನಾನೂ ಹೀಗೇ ಸಪ್ಪಗಾಗಿದ್ದೆ. ಆ ದಿನ ಅವರಿಗೆ ಎಲ್ಲವನ್ನೂ ಹೇಳಲು ಆಗಲಿಲ್ಲ, ನಿಡಗುಂದಿ ಕಡೆಯ ಬಸ್ಸು ತಪ್ಪುತ್ತದೆಂದು ಎದ್ದು ಹೋದರು. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದು ಇದರಲ್ಲಿ ಇಲ್ಲ. ಅದರಿಂದ ಯಾರಿಗೂ ಒಂದು ನಟ್ಟು ಬಿಚ್ಚಲೂ ಬರುವುದಿಲ್ಲ.

ನಾನು ಹೂವಿನ ಹಿಪ್ಪರಗಿಯವನು, ಹೆಸರು ಹುಸೇನಸಾಬ. ಕೆಲಸ ಕಲಿತದ್ದು ಸಿಂದಗಿಯಲ್ಲಿ, ಲಾಲಸಾಬ ಉಸ್ತಾದರ ಗ್ಯಾರೇಜಿನಲ್ಲಿ. ಲಾರಿ, ಟ್ರ್ಯಾಕ್ಟರು, ಬೋರ್‌ವೆಲ್ ಕೊರೆಯುವ ಗಾಡಿ, ಹೀಗೆ ಟರ್ಬೊ ಇರುವುದೆಲ್ಲ ನಮ್ಮಲ್ಲಿಗೆ ಬರುತ್ತಿತ್ತು. ಟರ್ಬೊ ಎಂದರೇನು ಎಂದು ಗೊತ್ತಿಲ್ಲದವರಿಗೆ ಒಂದು ಮಾತು. ಇಂಜಿನ್ನು ಹೊರಗೆ ಬಿಡುವ ಬಿಸಿ ಹೊಗೆ ವ್ಯರ್ಥವಾಗಿ ಹೋಗುತ್ತದಲ್ಲ, ಅದರ ದಾರಿಯಲ್ಲಿ ಒಂದು ಪುಟ್ಟ ಚಕ್ರ ಇಟ್ಟರೆ ಹೊಗೆ ಅದನ್ನು ತಿರುಗಿಸುತ್ತದೆ. ಆ ಚಕ್ರದ ಶಾಫ್ಟಿನ ಇನ್ನೊಂದು ತುದಿಗೆ ಇನ್ನೊಂದು ಚಕ್ರ. ಅದು ತಿರುಗುತ್ತ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿನೊಳಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಇಂಧನ ಹೆಚ್ಚು ಉರಿಯುತ್ತದೆ, ಸಣ್ಣ ಇಂಜಿನ್ನಿಗೆ ದೊಡ್ಡದರ ಬಲ ಬರುತ್ತದೆ. ಇಷ್ಟೇ ಸಂಗತಿ. ಆದರೆ ಆ ಶಾಫ್ಟು ನಿಮಿಷಕ್ಕೆ ಲಕ್ಷಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ, ಅದೂ ಕೂದಲಿಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ. ಆ ಪದರ ಒಂದು ಕ್ಷಣ ಇಲ್ಲವಾದರೂ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತದೆ.

ಉಸ್ತಾದರು ಒಂದಕ್ಷರ ಓದಿದವರಲ್ಲ. ಶಾಫ್ಟಿನ ತುದಿಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಸ್ವಲ್ಪ ಅಲ್ಲಾಡಿಸಿ, ಇದು ಇನ್ನೂ ಒಂದು ಕಬ್ಬಿನ ಹಂಗಾಮು ಬಾಳುತ್ತದೆ, ಇದು ಬಾಳುವುದಿಲ್ಲ ಎಂದು ಹೇಳುತ್ತಿದ್ದರು. ಹೇಳಿದ್ದು ಸುಳ್ಳಾದದ್ದನ್ನು ನಾನು ಎರಡೇ ಸಲ ಕಂಡಿದ್ದೇನೆ. ಲಾರಿ ಡ್ರೈವರುಗಳಿಗೆ ಅವರದೊಂದು ಕಟ್ಟಪ್ಪಣೆ ಇತ್ತು. ದೂರದಿಂದ ಬಂದು ನಿಂತ ಕೂಡಲೇ ಇಂಜಿನ್ ಬಂದ್ ಮಾಡಬಾರದು. ಬಂದ್ ಮಾಡಿದರೆ ಎಣ್ಣೆ ನಿಲ್ಲುತ್ತದೆ, ಟರ್ಬೊ ಮಾತ್ರ ಕೆಂಡದಂತೆ ಬಿಸಿ ಇರುತ್ತದೆ, ಒಳಗಿನ ಎಣ್ಣೆ ಸುಟ್ಟು ಕರಕಾಗುತ್ತದೆ. ಎಷ್ಟು ಹೊತ್ತು ಕಾಯಬೇಕು ಎಂದು ಕೇಳಿದರೆ ಗಡಿಯಾರ ತೋರಿಸುತ್ತಿರಲಿಲ್ಲ.

"ತಂಬಾಕ ತಗಿ, ಸುಣ್ಣ ಹಚ್ಚು, ತಿಕ್ಕು, ಬಾಯಾಗ ಇಟ್ಕೋ. ಆಮ್ಯಾಲ ಚಾವಿ ತಿರುವು," ಅನ್ನುತ್ತಿದ್ದರು.

ಒಮ್ಮೆ ಒಬ್ಬ ಡ್ರೈವರ್ ಮೂರು ತಿಂಗಳಿಗೆ ಎರಡು ಟರ್ಬೊ ಸುಟ್ಟುಕೊಂಡು ಬಂದ. ಉಸ್ತಾದರು ಸಿಟ್ಟಿನಿಂದ, "ನಾ ಹೇಳಿದಂಗ ಮಾಡಿಯೇನೋ?" ಎಂದು ಕೇಳಿದರು. ಅವನು ಕೈಮುಗಿದು, "ಉಸ್ತಾದ, ನಾ ತಂಬಾಕ ಬಿಟ್ಟೇನಿ," ಎಂದ. ಮುಂದೆ ಅವನಿಗೆ ಬೇರೆ ಅಳತೆ ಕೊಡಬೇಕಾಯಿತು.

ಉಸ್ತಾದರ ಇನ್ನೊಂದು ಪದ್ಧತಿಯೇ ಈ ಬರಹದ ಬೇರು. ಟರ್ಬೊ ಜೋಡಿಸುವಾಗ ಅದರ ಬೇರಿಂಗು ಒಣದಾಗಿರಬಾರದು. ಇಂಜಿನ್ನು ಶುರುವಾಗಿ ಎಣ್ಣೆ ಮೇಲೆ ಬರುವ ಆ ನಾಲ್ಕಾರು ಕ್ಷಣಕ್ಕೆ ಮೊದಲೇ ಒಂದು ಹನಿ ಎಣ್ಣೆ ಅಲ್ಲಿ ಕೂತಿರಬೇಕು. ಪುಸ್ತಕಗಳೂ ಇದನ್ನೇ ಹೇಳುತ್ತವೆ, ಇಂಜಿನ್ನಿನದೇ ಎಣ್ಣೆ ಹಾಕಿ ಎನ್ನುತ್ತವೆ. ಆದರೆ ಆ ಕಾಲದ ನಮ್ಮ ಗ್ಯಾರೇಜಿನಲ್ಲಿ ಇಂಜಿನ್ ಎಣ್ಣೆ ಇರುತ್ತಿದ್ದದ್ದು ಬಾಯಿ ತೆರೆದ ಡಬ್ಬಿಯಲ್ಲಿ. ಸಿಂದಗಿಯ ಬೇಸಗೆಯ ಗಾಳಿಗೆ ಎರೆಮಣ್ಣಿನ ಧೂಳು ಅದರಲ್ಲಿ ಕೂತು ಅರ್ಧ ಕೆಸರಾಗಿರುತ್ತಿತ್ತು. ಹಾಗಾಗಿ ಉಸ್ತಾದರು ಮನೆಯಿಂದ ಕುಸುಬಿ ಎಣ್ಣೆ ತರುತ್ತಿದ್ದರು. ಗಾಣದಲ್ಲಿ ತೆಗೆಸಿ, ಬಟ್ಟೆಯಲ್ಲಿ ಸೋಸಿ, ಒಗ್ಗರಣೆಗೆಂದು ಇಟ್ಟ ಎಣ್ಣೆ. ಒಂದು ಚಿಕ್ಕ ಔಷಧಿ ಬಾಟಲಿಯಲ್ಲಿ ಅದನ್ನು ತುಂಬಿ, ಬೇರಿಂಗಿನ ಮೇಲೆ ಒಂದೇ ಹನಿ ಬಿಟ್ಟು, ಬೆರಳಲ್ಲಿ ಸವರಿ, ಶಾಫ್ಟು ಕೂಡಿಸುತ್ತಿದ್ದರು. ಗಾಡಿ ಅದೇ ಮಧ್ಯಾಹ್ನ ಶುರುವಾಗುತ್ತಿತ್ತು. ಇಂಜಿನ್ ಎಣ್ಣೆ ಬಂದು ಆ ಹನಿಯನ್ನು ತೊಳೆದುಕೊಂಡು ಹೋಗುತ್ತಿತ್ತು. ಹತ್ತಾರು ವರ್ಷ ಒಂದು ಟರ್ಬೊಗೂ ಅದರಿಂದ ಏನೂ ಆಗಲಿಲ್ಲ. ಉಸ್ತಾದರ ಕೈ ನನ್ನ ಕೈಗೆ ಬಂತು, ಬಾಟಲಿಯೂ ಬಂತು.

ರೇಸ್ ಇಂಜಿನ್ನುಗಳ ಕಾರ್ಖಾನೆಗೆ ನಾನು ಹೋದದ್ದು ಒಬ್ಬ ಬೋರ್‌ವೆಲ್ ಮಾಲೀಕರ ಮಾತಿನ ಮೇಲೆ. ಅದು ಹೊಸೂರಿನ ಆಚೆ ಇತ್ತು, ಹೆಸರು ಬೇಡ. ಅಲ್ಲಿ ತಯಾರಾಗುತ್ತಿದ್ದದ್ದು ಒಬ್ಬರೇ ಕೂಡುವ, ಮೇಲೆ ಮುಚ್ಚಳವಿಲ್ಲದ, ನಾಲ್ಕೂ ಗಾಲಿ ಹೊರಗೆ ಚಾಚಿಕೊಂಡಿರುವ ಕಾರುಗಳ ಇಂಜಿನ್. ಮೊದಲ ವರ್ಷಗಳಲ್ಲಿ ಅವಕ್ಕೆ ಟರ್ಬೊ ಇರಲಿಲ್ಲ. ನಾನು ಮೂಲೆಯಲ್ಲಿ ಕೂತು ವಾಲ್ವು ತೇಯುವವನಾಗಿದ್ದೆ. ಆಮೇಲೆ ಒಂದು ದಿನ ಹೊಸ ನಮೂನೆಯ ಇಂಜಿನ್ನಿನ ಪೆಟ್ಟಿಗೆ ಬಂತು. ಮುಚ್ಚಳ ತೆಗೆದಾಗ ಎಲ್ಲರೂ ಬಗ್ಗಿ ನೋಡಿದರು. ಮದುವೆಯಲ್ಲಿ ಅನ್ನ ಬಡಿಸುವ ಬೋಗುಣಿಯಷ್ಟೇ ಇರುವ ಇಂಜಿನ್, ಅದರ ಪಕ್ಕದಲ್ಲಿ ತೆಂಗಿನಕಾಯಿಯಷ್ಟೂ ಇಲ್ಲದ ಟರ್ಬೊ. ನಮ್ಮ ಕಬ್ಬಿನ ಲಾರಿಯ ಟರ್ಬೊ ಅದರ ಮೂರರಷ್ಟಿರುತ್ತಿತ್ತು.

ನಮ್ಮ ಮುಖ್ಯ ಇಂಜಿನಿಯರು ವತ್ಸಲಾ ಮೇಡಂ. ಮೈಸೂರು ಕಡೆಯವರು. ನಾನು ಮಾತಾಡಿದರೆ ಜಗಳಕ್ಕೆ ಬಂದೆನೇನೋ ಎಂದು ಮೊದಲ ವರ್ಷ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಆ ದಿನ ಅವರು, "ಇದನ್ನ ಯಾರು ಮುಟ್ಟಿದ್ದೀರಿ ಮುಂಚೆ?" ಎಂದು ಕೇಳಿದರು.

ನಾನು ಮುಂದೆ ಬಂದು ಶಾಫ್ಟಿನ ತುದಿ ಹಿಡಿದು ಅಲ್ಲಾಡಿಸಿದೆ. "ಇದರ ಅಪ್ಪನ್ನ ಮುಟ್ಟೇನ್ರಿ ಮೇಡಂ," ಎಂದೆ.

ಎಲ್ಲರೂ ನಕ್ಕರು. ಅಂದಿನಿಂದ ಟರ್ಬೊ ನನ್ನ ಮೇಜಿಗೆ ಬಂತು.

ಹೊಸದಾಗಿ ಈ ಕೆಲಸಕ್ಕೆ ಬರುವವರು ಮೇಡಂ ಅವರಿಂದ ಕಲಿಯಬೇಕಾದ ಒಂದು ಗುಣ ಇದೆ. ಏನಾದರೂ ಮುರಿದರೆ ಅವರು 'ಯಾರು' ಎಂದು ಕೇಳುತ್ತಿರಲಿಲ್ಲ, 'ಏನು' ಎಂದು ಕೇಳುತ್ತಿದ್ದರು. ಒಮ್ಮೆ ಪರೀಕ್ಷೆಯ ವೇಳೆ ಲ್ಯಾಪ್‌ಟಾಪಿನಲ್ಲಿ ಇಂಜಿನ್ನಿನ ಬಿಸಿ, ಒತ್ತಡ ತೋರಿಸುವ ಗೆರೆಯೆಲ್ಲ ಸರಿ ಇತ್ತು, ನನ್ನ ಕಿವಿಗೆ ಮಾತ್ರ ಸಣ್ಣ ಸೀಟಿ ಕೇಳಿಸುತ್ತಿತ್ತು. "ಗೆರೆ ಸರಿಯಾಗೇ ಇದೆಯಲ್ಲ?" ಎಂದರು. "ಗೆರಿಗೆ ಕಿವಿ ಎಲ್ಲೈತ್ರಿ?" ಎಂದೆ. ಬಿಚ್ಚಿ ನೋಡಿದರೆ ಒಂದು ರಬ್ಬರ್ ಕೊಳವೆ ಬಿರುಕು ಬಿಟ್ಟಿತ್ತು. ನಾನು ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದೆ. ಮುಂದಿನ ತಿಂಗಳು ನನ್ನ ಕಿವಿಗೆ ಎಲ್ಲ ಸೊಗಸಾಗಿ ಕೇಳಿದ ಇಂಜಿನ್ನನ್ನು ಅವರು ಗೆರೆ ನೋಡಿ ನಿಲ್ಲಿಸಿದರು. ಒಳಗೆ ಪಿಸ್ಟನ್ನು ಕರಗಲು ಶುರುವಾಗಿತ್ತು. ಎದೆ ತನ್ನಷ್ಟಕ್ಕೆ ತಾನೇ ಒಳಗೆ ಹೋಯಿತು. ಆಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ಕೇಳಿಯೇ ಇಂಜಿನ್ನಿಗೆ ಸೈ ಅನ್ನುತ್ತಿದ್ದೆವು.

ಈಗ ಮಲ್ಲಪ್ಪನ ವಿಷಯ. ನಿಡಗುಂದಿಯ ಮಲ್ಲಪ್ಪ ನನಗಿಂತ ಹದಿನೈದು ವರ್ಷ ಚಿಕ್ಕವನು. ಎರಡು ಮಕ್ಕಳ ತಂದೆ, ಕಡಿಮೆ ಮಾತಿನವನು. ಅವನನ್ನು ಆ ಕಾರ್ಖಾನೆಗೆ ಸೇರಿಸಿದವನು ನಾನೇ. ಬಿಡಿಭಾಗಗಳನ್ನು ತೊಳೆಯುವ ಕೆಲಸ ಅವನದು. ತೊಳೆಯುವುದೆಂದರೆ ಸಣ್ಣ ಕೆಲಸ ಎಂದು ಯಾರೂ ತಿಳಿಯಬಾರದು. ಟರ್ಬೊದೊಳಗೆ ಒಂದು ಕಣ ಮರಳು ಉಳಿದರೂ ಇಂಜಿನ್ನು ಹೋಯಿತೆಂದೇ ಅರ್ಥ. ಮಲ್ಲಪ್ಪ ಪ್ರತಿ ತುಣುಕನ್ನೂ ಮೂರು ಸಲ ತೊಳೆದು, ಗಾಳಿ ಊದಿ, ಬಿಳಿ ಬಟ್ಟೆಯಲ್ಲಿ ಒರೆಸಿ ನನ್ನ ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದ. ನಾನು ಜೋಡಿಸಿ ಮುಗಿಸಿದ ಮೇಲೆ ಬಂದು ಮೇಜು ಒರೆಸುವುದೂ ಅವನೇ.

ಆ ವರ್ಷ ನಾವು ಐದು ಇಂಜಿನ್ ಜೋಡಿಸಿದೆವು. ಪ್ರತಿ ವರ್ಷ, ಜೋಡಿಸಿದ ವಾರದಲ್ಲೇ ಇಂಜಿನ್ನನ್ನು ಪರೀಕ್ಷಾ ಯಂತ್ರಕ್ಕೆ ಏರಿಸಿ ಓಡಿಸಿ ನೋಡುತ್ತಿದ್ದೆವು. ಆ ಸಲ ಎರಡನ್ನು ಓಡಿಸುವಷ್ಟರಲ್ಲಿ ಪರೀಕ್ಷಾ ಯಂತ್ರ ಕೆಟ್ಟಿತು. ಹೊಸದು ಓಟದ ಹಂಗಾಮು ಶುರುವಾಗುವವರೆಗೂ ಬರಲಿಲ್ಲ. ಉಳಿದ ಮೂರನ್ನು ಚೀಲ ಹೊದಿಸಿ, ತಗಡಿನ ಸೂರಿನ ಕೋಣೆಯಲ್ಲಿ ಇಟ್ಟೆವು. ಬೇಸಗೆ ಪೂರ್ತಿ ಅವು ಅಲ್ಲೇ ಇದ್ದವು.

ಹಂಗಾಮಿನ ಮೊದಲ ದಿನ ಚೆನ್ನೈ ಹತ್ತಿರದ ಓಟದ ಹಾದಿಗೆ ಐದೂ ಕಾರು ಹೋದವು. ಬೆಳಗಿನ ಹೊತ್ತು. ಎರಡು ಕಾರು ಬಾಣದಂತೆ ಹೋದವು. ಮೂರು ಕಾರು ಹೇರು ತುಂಬಿದ ಚಕ್ಕಡಿ ಏರು ಹತ್ತಿದ ಹಾಗೆ ಮುಲುಕುತ್ತ ಹೋದವು. ಅವುಗಳಲ್ಲಿ ಒಂದರಿಂದ ಎರಡನೇ ಸುತ್ತಿಗೆ ಕರ್ಕಶವಾದ ಕಿರುಚು ಬಂತು, ಹಿಂದೆಯೇ ನೀಲಿ ಹೊಗೆ. ನಾನು ಓಡಿಹೋಗಿ, ತಣಿಯಲು ಬಿಟ್ಟು, ಗಾಳಿಯ ಬಾಯಿಂದ ಬೆರಳು ಹಾಕಿ ಚಕ್ರ ತಿರುಗಿಸಲು ನೋಡಿದೆ. ಅಲುಗಲಿಲ್ಲ. ಇನ್ನುಳಿದ ಎರಡನ್ನೂ ನೋಡಿದೆ. ಯಾರೋ ಅಂಟು ಹಾಕಿ ಕೂಡಿಸಿದಂತೆ ಬಿಗಿದುಕೊಂಡಿದ್ದವು.

ಕಾರ್ಖಾನೆಗೆ ತಂದು ಬಿಚ್ಚಿದಾಗ ಮೂರರ ಶಾಫ್ಟಿನ ಮೇಲೂ ಕಂದು ಬಣ್ಣದ ತೆಳುವಾದ ಲೇಪ ಕಂಡಿತು. ಉಗುರಿನಿಂದ ಕೆರೆದರೂ ಬರುತ್ತಿರಲಿಲ್ಲ. ಪೆಟ್ರೋಲಿಗೂ ಜಗ್ಗಲಿಲ್ಲ. ಎಲ್ಲರೂ ಅದನ್ನು ಸುತ್ತುವರಿದು ನಿಂತೆವು. ಮೇಡಂ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಆ ವರ್ಷ ಮಾಲೀಕರಿಂದ ಅವರಿಗೆ ಒತ್ತಡ ಇತ್ತು, ಮೂರು ಕಾರಿನವರೂ ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರು 'ಯಾರು' ಎಂದು ಕೇಳಿದರು.

"ಇದು ತೊಳೆಯುವಾಗ ಉಳಿದ ಕೊಳೆ. ಇವನ್ನ ತೊಳೆದದ್ದು ಯಾರು?"

ಮಲ್ಲಪ್ಪ ಮುಂದೆ ಬಂದ. "ನಾನ್ರಿ."

"ನಮ್ಮ ಎಣ್ಣೆ, ನಮ್ಮ ದ್ರಾವಣ ಬಿಟ್ಟು ಬೇರೆ ಏನಾದರೂ ಈ ಭಾಗಗಳಿಗೆ ಸೋಕಿದೆಯಾ? ನಿನಗೆ ಗೊತ್ತಿರೋ ಹಾಗೆ?"

ಅವನು ನೆಲ ನೋಡಿದ. ನನ್ನ ಕಡೆ ಒಂದು ಸಲ ನೋಡಿದ. "ಇಲ್ರಿ," ಎಂದ.

ಮೇಡಂ ಅಂದು ಹೇಳಿದ್ದು ಇಷ್ಟು: ಸೋಮವಾರದೊಳಗೆ ಬೇರೆ ಕಾರಣ ಸಿಗದಿದ್ದರೆ ಮಲ್ಲಪ್ಪ ಬೇರೆ ಕೆಲಸ ನೋಡಿಕೊಳ್ಳಬೇಕು. ಅಂದು ಗುರುವಾರ. ಅವನ ತೊಳೆತ ನನಗೆ ಗೊತ್ತಿತ್ತು, ಅವನ ಕೈ ತಪ್ಪುವುದಿಲ್ಲ ಎಂದು ಆಣೆ ಮಾಡಿ ಹೇಳಬಲ್ಲವನಾಗಿದ್ದೆ. "ನನ್ನ ಮಗನ್ನ ನಿನ್ನ ಉಡಿಯಾಗ ಹಾಕೇನಿ," ಎಂದು ಅವನ ತಾಯಿ ನಿಡಗುಂದಿಯ ಬಸ್ ಸ್ಟ್ಯಾಂಡಿನಲ್ಲಿ ನನಗೆ ಹೇಳಿ ಕಳಿಸಿದ್ದಳು. ಹಾಗಾದರೆ ಈ ಲೇಪ ಏನು? ಎಲ್ಲಿಂದ ಬಂತು? ಎರಡು ಇಂಜಿನ್ನಿನಲ್ಲಿ ಯಾಕಿಲ್ಲ?

ನನ್ನ ಕೈಯ ಹನಿ ಆಗ ನನಗೆ ನೆನಪಾಗಲೇ ಇಲ್ಲ ಎಂದರೆ ನೀವು ನಂಬಬೇಕು. ನಾವು ಉಸಿರಾಡುತ್ತೇವೆ ಎಂಬುದು ನಮಗೆ ನೆನಪಿರುತ್ತದೆಯೇ? ಹಾಗೆ ಅದು.

ನಾನು ಎರಡು ದಿನ ರಜೆ ಕೇಳಿದೆ. ಒಂದು ಶಾಫ್ಟನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು, ಬಸ್ಸು ಬದಲಿಸುತ್ತ ಶನಿವಾರ ಬೆಳಿಗ್ಗೆ ಇಂಡಿಯಲ್ಲಿ ಇಳಿದೆ. ಉಸ್ತಾದರು ಗ್ಯಾರೇಜು ಮುಚ್ಚಿ ಅಲ್ಲಿ ಮಗಳ ಮನೆಯ ಪಕ್ಕದಲ್ಲಿ ಇದ್ದರು. ಹಲಸಂಗಿ ಕಡೆ ಅವರ ನಾಲ್ಕು ಎಕರೆ ಹೊಲ, ಅದರಲ್ಲಿ ಲಿಂಬೆ ಗಿಡ. ನನ್ನ ಹೊಸೂರಿನ ಕೆಲಸದ ಬಗ್ಗೆ ಅವರಿಗೆ ಬಹಳ ಹೆಮ್ಮೆ. ಬಂದವರಿಗೆಲ್ಲ, "ನನ್ನ ಹುಡುಗ ವಿಮಾನದಂಥ ಕಾರ ಮಾಡ್ತಾನ," ಎಂದು ಹೇಳುತ್ತಿದ್ದರಂತೆ.

ಉಸ್ತಾದರು ಶಾಫ್ಟನ್ನು ಬೆಳಕಿಗೆ ಹಿಡಿದರು, ಬೆರಳಾಡಿಸಿದರು, ಕಿವಿಯ ಹತ್ತಿರ ಕೂಡ ಒಯ್ದರು, ಅದೇನು ಹೇಳುತ್ತದೆಂದು ತಿಳಿದರೋ ಏನೋ.

"ಸುಟ್ಟ ಎಣ್ಣಿ ಅಲ್ಲಿದು. ಸುಟ್ಟದ್ದು ಕರ್ರಗ ಇರತೈತಿ, ಉದರತೈತಿ. ಇದು ಹೊಳಿಯಾಕತ್ತೈತಿ," ಎಂದರು. "ನೀರ ಬಿದ್ದೈತೇನು?"

"ಇಲ್ರಿ ಉಸ್ತಾದ."

"ಅಂಟ ಏನರ ಹಚ್ಚಿದ್ರೇನು?"

"ಇಲ್ರಿ."

ಒಂದು ತಾಸು ಇಬ್ಬರೂ ಅದನ್ನು ಕೈಯಿಂದ ಕೈಗೆ ಬದಲಿಸಿದೆವು. ಉಸ್ತಾದರ ಹೆಂಡತಿ, ನಮ್ಮ ಚಾಚಿ, ರೊಟ್ಟಿ ಬಡಿಯುತ್ತಿದ್ದವಳು ಹೊರಗೆ ಬಂದು, "ಉಣ್ಣಾಕ ಬರ್ರೋ, ರೊಟ್ಟಿ ಆರಾಕತ್ತಾವ. ಅದೇನು ಅಷ್ಟು ನೋಡ್ತೀರಿ, ಬಂಗಾರ ಐತೇನು?" ಎಂದು ಶಾಫ್ಟು ಇಸಿದುಕೊಂಡಳು. ಹೆಬ್ಬೆರಳಿಂದ ತಿಕ್ಕಿ ನೋಡಿದಳು.

"ಅಯ್ಯ, ಇದು ನಮ್ಮ ಎಣ್ಣಿ ಡಬ್ಬಿ ಜಿಗಟ ಅಲ್ಲೇನು!"

ಒಳಗೆ ಹೋಗಿ ಎಣ್ಣೆಯ ಡಬ್ಬಿ ತಂದು ಮುಂದಿಟ್ಟಳು. ಸೋರಿದ ಎಣ್ಣೆ ಹೊರಮೈಯಲ್ಲಿ ಇಳಿದು ಒಣಗಿ ಕಂದು ಬಣ್ಣದ ಗೆರೆಯಾಗಿ ಕೂತಿತ್ತು. ಅದೇ ಬಣ್ಣ, ಅದೇ ಹೊಳಪು.

"ಶೇಂಗಾ ಎಣ್ಣಿಗೆ ಹಿಂಗ ಆಗಂಗಿಲ್ಲಪ್ಪ. ಕುಸುಬಿ ಎಣ್ಣಿ ನಾಕ ದಿನ ಹಂಗ ಬಿಟ್ರ ಹಿಂಗ ಗಟ್ಟಿ ಆಗತೈತಿ. ಬೂದಿ ಹಾಕಿ ತಿಕ್ಕಿದ್ರೂ ಹೋಗಂಗಿಲ್ಲ. ಹೆಣಮಕ್ಕಳನ್ನ ಕೇಳಿದ್ರ ಯಾವತ್ತೋ ಹೇಳ್ತಿದ್ರು."

ಉಸ್ತಾದರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಇಬ್ಬರ ಬಲಗೈ ತೋರುಬೆರಳೂ ತಮ್ಮಷ್ಟಕ್ಕೆ ಹೆಬ್ಬೆರಳಿಗೆ ಸವರಿಕೊಂಡವು, ಹನಿ ಸವರುವ ಹಾಗೆ. ನಾನು ಕಟ್ಟೆಯ ಮೇಲೆ ಕೂತೆ.

ಓಡಿಸಿದ ಎರಡು ಇಂಜಿನ್ನಿನಲ್ಲಿ ಹನಿ ಅದೇ ವಾರ ತೊಳೆದುಹೋಗಿತ್ತು. ಮೂರು ಇಂಜಿನ್ನಿನಲ್ಲಿ ಅದು ತಗಡಿನ ಸೂರಿನ ಕೆಳಗೆ ಬೇಸಗೆ ಪೂರ್ತಿ ಕೂತು, ಒಣಗಿ, ಅರಗಿನಂತೆ ಶಾಫ್ಟನ್ನು ಹಿಡಿದುಕೊಂಡಿತ್ತು. ಲೆಕ್ಕ ಸರಿಹೋಯಿತು. ಇಷ್ಟು ಚೆಂದವಾಗಿ ಬಿಡಿಸಿಕೊಂಡ ಒಗಟು ನನ್ನ ಆಯುಷ್ಯದಲ್ಲಿ ಇನ್ನೊಂದಿಲ್ಲ, ಅಷ್ಟು ನಾಚಿಕೆ ತಂದದ್ದೂ ಇನ್ನೊಂದಿಲ್ಲ.

"ನಾ ತಪ್ಪ ಕಲಿಸಿದ್ನೇನೋ ಹುಸೇನಾ?" ಎಂದರು ಉಸ್ತಾದರು, ಬಹಳ ಸಣ್ಣ ದನಿಯಲ್ಲಿ.

"ಇಲ್ರಿ. ನಿಮ್ಮ ಗಾಡಿ ಅವತ್ತಽ ಸುರು ಆಗತಿದ್ವು. ನನ್ನ ಇಂಜಿನ್ ಮಲಗಿತ್ತು."

"ಹಂಗಾರ ಯಾಕ ಹಾಕಬೇಕು ಅಂತ ಕಲಿಸಿದ್ನಿ. ಯಾವಾಗ ಹಾಕಬಾರದು ಅಂತ ಕಲಿಸಲಿಲ್ಲ," ಎಂದು ತಲೆ ಅಲ್ಲಾಡಿಸಿದರು. ಆಮೇಲೆ, "ಫೋನ್ ಹಚ್ಚು ನಿಮ್ಮ ಮೇಡಮ್‌ಗ," ಎಂದರು.

"ಹೋಗಿ ಎದುರಿಗೇ ಹೇಳ್ತೇನ್ರಿ."

ಅದು ಪೂರ್ತಿ ನಿಜವಲ್ಲ. ನನಗೆ ಸಮಯ ಬೇಕಾಗಿತ್ತು. ಬಸ್ಸಿನಲ್ಲಿ ನಾನು ಏನೇನು ಯೋಚಿಸಿದೆ ಎಂದು ಬರೆಯದಿದ್ದರೆ ಈ ಬರಹಕ್ಕೆ ಬೆಲೆ ಇಲ್ಲ. ಚೀಲದ ಪ್ಲಾಸ್ಟಿಕ್ ಬಿಸಿಗೆ ಕರಗಿ ಹೀಗಾಯಿತು ಎಂದು ಹೇಳಬಹುದು. ತೊಳೆಯುವ ದ್ರಾವಣದ ಡಬ್ಬಿಯೇ ಕಲಬೆರಕೆ ಎನ್ನಬಹುದು. ಮಲ್ಲಪ್ಪನೂ ಉಳಿಯುತ್ತಾನೆ, ನಾನೂ ಉಳಿಯುತ್ತೇನೆ. ಯಾವಾಗಲೂ ಕಿಸೆಯಲ್ಲೇ ಇರುವ ಆ ಬಾಟಲಿಯನ್ನು ಕೃಷ್ಣೆಗೆ ಎಸೆದರೆ ಯಾರಿಗೆ ಗೊತ್ತು? ಕೊಲ್ಹಾರದ ಸೇತುವೆ ಬಂದಾಗ ನನ್ನ ಕೈ ಕಿಸೆಯಲ್ಲಿತ್ತು, ಬಾಟಲಿಯ ಮೇಲೆ. ಎಸೆಯಲಿಲ್ಲ. ಒಳ್ಳೆಯತನದಿಂದಲ್ಲ. ಸುಳ್ಳು ಹೇಳಿದರೆ ಆ ದ್ರಾವಣ ಬದಲಿಸುತ್ತಾರೆ, ನಾಳೆ ಇನ್ನೊಂದು ಇಂಜಿನ್ನು ಬೇರೆ ಯಾವುದಕ್ಕೋ ಕೆಟ್ಟರೆ ಈ ಸುಳ್ಳು ಅದರ ಕಾರಣವನ್ನೂ ಮುಚ್ಚುತ್ತದೆ ಎನ್ನಿಸಿತು. ಇಂಜಿನ್ನಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ ನನಗೆ.

ಸೋಮವಾರ ನಾನು ಒಳಗೆ ಹೋದಾಗ ಮಲ್ಲಪ್ಪ ತೊಟ್ಟಿಯ ಹತ್ತಿರ ಇದ್ದ. ತನ್ನ ಬ್ರಶ್ಶುಗಳನ್ನೆಲ್ಲ ತೊಳೆದು, ಮುಂದೆ ಬರುವವನಿಗೆ ಸುಲಭವಾಗಲಿ ಎಂದು ಗಾತ್ರದ ಪ್ರಕಾರ ಜೋಡಿಸಿಡುತ್ತಿದ್ದ. ಅವನ ಜೊತೆ ಮಾತಾಡದೆ ನೇರ ಮೇಡಂ ಕೋಣೆಗೆ ಹೋಗಿ ಅವರ ಮೇಜಿನ ಮೇಲೆ ಆ ಔಷಧಿ ಬಾಟಲಿ ಇಟ್ಟೆ.

"ಏನಿದು ಹುಸೇನ್ ಅವರೇ?"

"ಮೂರು ಟರ್ಬೊ ಹಿಡಿದದ್ದು ಇದು. ತೊಳೆದದ್ದರಾಗ ತಪ್ಪಿಲ್ರಿ. ಹಾಕಿದ್ದು ನಾನು."

ಎಲ್ಲವನ್ನೂ ಹೇಳಿದೆ. ಚಾಚಿಯ ಎಣ್ಣೆ ಡಬ್ಬಿಯವರೆಗೂ ಹೇಳಿದೆ. ಅವರು ಸಿಟ್ಟಾಗುತ್ತಾರೆಂದು ಕಾದೆ. ಅವರು ಬಾಟಲಿ ತೆರೆದು ಮೂಸಿದರು. ಎದ್ದು ಎರಡು ಜೊತೆ ಗಾಜಿನ ತುಣುಕು ತಂದರು. ಒಂದು ಜೊತೆಯ ನಡುವೆ ಇಂಜಿನ್ ಎಣ್ಣೆ, ಇನ್ನೊಂದರ ನಡುವೆ ಕುಸುಬಿ ಎಣ್ಣೆ ಒಂದೊಂದು ಹನಿ. ಭಾಗಗಳನ್ನು ಬಿಸಿಮಾಡುವ ಪೆಟ್ಟಿಗೆಯಲ್ಲಿ ಹದವಾದ ಶಾಖದಲ್ಲಿ ಇಟ್ಟರು. ದಿನಕ್ಕೆ ಎರಡು ಸಲ ನಾವಿಬ್ಬರೂ ಹೋಗಿ ಇಣುಕಿ ನೋಡುತ್ತಿದ್ದೆವು, ಮೊಟ್ಟೆಗೆ ಕೂತ ಕೋಳಿಯನ್ನು ನೋಡುವವರ ಹಾಗೆ. ವಾರ ಕಳೆದ ಮೇಲೆ ಒಂದು ಜೊತೆ ಬೆರಳು ತಾಗಿದರೆ ಜಾರುತ್ತಿತ್ತು. ಇನ್ನೊಂದನ್ನು ಬೇರೆ ಮಾಡಲು ಹೋಗಿ ಮೇಡಂ ಗಾಜನ್ನೇ ಮುರಿದರು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ನೀವು?" ಎಂದು ಕೇಳಿದರು.

"ಇದು ಹೇಳೋವಂಥಾದ್ದು ಅಂತ ಅನ್ನಿಸಲೇ ಇಲ್ರಿ."

ಅವರು ಪರೀಕ್ಷೆ ಮುಗಿಯುವ ಮೊದಲೇ, ಆ ಸೋಮವಾರವೇ, ತೊಟ್ಟಿಯ ಹತ್ತಿರ ಹೋಗಿ ಎಲ್ಲರೆದುರಿಗೆ ಮಲ್ಲಪ್ಪನ ಕ್ಷಮೆ ಕೇಳಿದ್ದರು. ಈಗ ಮಾಡಿದ್ದು ಇನ್ನೊಂದು. ಇಂಜಿನ್ ಜೋಡಿಸುವಾಗ ನಾವು ತುಂಬುವ ಹಾಳೆಯಲ್ಲಿ ಕೊನೆಗೆ ಒಂದು ಅಂಕಣ ಸೇರಿಸಿದರು: 'ಪುಸ್ತಕದಲ್ಲಿ ಇಲ್ಲದ್ದು, ನನ್ನ ಕೈ ಮಾಡಿದ್ದು'. ಯಾರೇ ಆಗಲಿ, ರೂಢಿಯಿಂದ ಏನು ಮಾಡಿದರೂ, ಎಷ್ಟೇ ಚಿಕ್ಕದಿದ್ದರೂ ಅಲ್ಲಿ ಬರೆಯಬೇಕು. ಬರೆದದ್ದಕ್ಕೆ ಯಾರನ್ನೂ ಬಯ್ಯುವಂತಿಲ್ಲ. ಮೊದಲ ತಿಂಗಳು ಅದರಲ್ಲಿ ಏನೇನು ಬಂತೆಂದರೆ, ನಾವೆಲ್ಲ ಒಂದೇ ಕೆಲಸ ಮಾಡುತ್ತಿದ್ದೇವೆ ಎಂದು ಇಷ್ಟು ದಿನ ಹೇಗೆ ನಂಬಿದ್ದೆವೋ ಎಂದು ಆಶ್ಚರ್ಯವಾಯಿತು. ಒಬ್ಬ ಬೋಲ್ಟಿನ ಎಳೆಗೆ ಸೋಪು ಸವರುತ್ತಿದ್ದ. ಇನ್ನೊಬ್ಬ ಪಿಸ್ಟನ್ ಉಂಗುರವನ್ನು ತನ್ನ ಕೂದಲಿಗೆ ಒರೆಸಿ ಹಾಕುತ್ತಿದ್ದ.

ನನ್ನನ್ನು ಒಂದು ಹಂಗಾಮು ಟರ್ಬೊ ಮೇಜಿನಿಂದ ತೆಗೆದು ತೊಳೆಯುವ ತೊಟ್ಟಿಗೆ ಹಾಕಿದರು. ಅದು ಸರಿಯೇ ಇತ್ತು. ಮಲ್ಲಪ್ಪನ ಪಕ್ಕದಲ್ಲಿ ನಿಂತು ತೊಳೆಯಲು ಶುರುಮಾಡಿದ ಮೂರನೆಯದೋ ನಾಲ್ಕನೆಯದೋ ದಿನ, ನನ್ನನ್ನು ಕೊರೆಯುತ್ತಿದ್ದದ್ದನ್ನು ಕೇಳಿಬಿಟ್ಟೆ.

"ಮಲ್ಲಪ್ಪ, ನಮ್ಮ ಮೇಜ ಒರಸಾಂವ ನೀನು. ಕುಸುಬಿ ಎಣ್ಣಿ ವಾಸನಿ ನಿನಗ ಗೊತ್ತಿರಲಿಲ್ಲೇನು?"

"ಗೊತ್ತಿತ್ತಣ್ಣ."

"ಮತ್ತ ಮೇಡಂ ಕೇಳಿದಾಗ ಬೇರೆ ಏನೂ ಸೋಕಿಲ್ಲ ಅಂದ್ಯಲ್ಲ?"

ಅವನು ಬ್ರಶ್ಶು ಆಡಿಸುತ್ತಲೇ ಇದ್ದ. "ನೀ ಬಿಸ್ಮಿಲ್ಲಾ ಅಂದು ಹನಿ ಹಾಕತಿದ್ದಿ. ದರ್ಗಾದ ದೀಪದ ಎಣ್ಣಿ ಅಂತ ತಿಳ್ಕೊಂಡಿದ್ನಿ. ನಮ್ಮವ್ವನೂ ತರತಾಳ, ಹುಡುಗರಿಗೆ ಜ್ವರ ಬಂದಾಗ ಹಣಿಗೆ ಹಚ್ಚಾಕ."

"ಹೇಳಿದ್ರ ನಿನ್ನ ನೌಕರಿ ಉಳೀತಿತ್ತಲ್ಲೋ."

"ನೌಕರಿ ಇನ್ನೊಂದು ಸಿಗತೈತಣ್ಣ. ಅವರು ಕೊಳಿ ಅಂತ ಅನ್ನಾಕತ್ತಿದ್ರು. ದೇವರ ಎಣ್ಣೀನ ಕೊಳಿ ಅಂತ ನಾ ಹ್ಯಾಂಗ ತೋರಸಲಿ?"

ನಾನು ಕೈ ಒರೆಸಿಕೊಂಡು ಹೇಳಿದೆ: "ಅದು ಒಗ್ಗರಣಿ ಎಣ್ಣೆಪ್ಪ ಮಲ್ಲಪ್ಪ. ನಮ್ಮ ಮನಿ ಒಗ್ಗರಣಿ ಎಣ್ಣಿ. ಕೆಲಸ ಯಾವುದಿದ್ರೂ ನಾ ಬಿಸ್ಮಿಲ್ಲಾ ಅಂತೇನಿ. ಚಹಾ ಕುಡಿಯೋವಾಗೂ ಅಂತೇನಿ."

ಅವನು ಬ್ರಶ್ಶು ನಿಲ್ಲಿಸಿದ. ತನ್ನ ಒದ್ದೆ ಬೆರಳುಗಳನ್ನು ನೋಡಿಕೊಂಡ. "ಹಂಗಾರ ಮೇಜ ಒರಸಿದಾಗೆಲ್ಲ ಕಣ್ಣಿಗೆ ಒತ್ಕೊಂಡೆನಲ್ಲಣ್ಣ ನಾ? ಇಷ್ಟು ವರ್ಷ?"

ನಮಗಿಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ನಾನು ಅತ್ತುಬಿಟ್ಟೆ. ಮೇಡಂ ಬಾಗಿಲು ತೆರೆದು ನೋಡಿ, ಏನೂ ಕೇಳದೆ ಮುಚ್ಚಿಕೊಂಡು ಹೋದರು.

ಮುಂದಿನ ಹಂಗಾಮಿಗೆ ಟರ್ಬೊ ಮೇಜು ಮರಳಿ ಸಿಕ್ಕಿತು. ಮೊದಲ ಟರ್ಬೊಗೆ ಪುಸ್ತಕ ಹೇಳಿದ ಇಂಜಿನ್ ಎಣ್ಣೆಯನ್ನೇ ಒಂದು ಹನಿ ಬಿಟ್ಟೆ, ಬೆರಳಲ್ಲಿ ಸವರಿದೆ, ಶಾಫ್ಟು ಕೂಡಿಸಿದೆ. ಹಾಳೆ ತುಂಬುವಾಗ ಕೊನೆಯ ಅಂಕಣದ ಹತ್ತಿರ ಪೆನ್ನು ನಿಂತಿತು. ಎಷ್ಟೇ ಚಿಕ್ಕದಿದ್ದರೂ ಬರೆಯಬೇಕೆಂದು ನಿಯಮ. 'ಬಿಸ್ಮಿಲ್ಲಾ ಅಂದೆ' ಎಂದು ಬರೆದೆ. ಮಲ್ಲಪ್ಪ ಬಂದು ಮೇಜು ಒರೆಸಿದ. ಹಾಳೆ ಓದಿದ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಕೆಳಗಿನ ಸಾಲಿನಲ್ಲಿ ನಿಧಾನವಾಗಿ ಅಕ್ಷರ ಕೂಡಿಸಿ ಬರೆದ: 'ಒರೆಸಿ ಕಣ್ಣಿಗೆ ಒತ್ತಿಕೊಂಡೆ.'

ಮೇಡಂ ಸಂಜೆ ಬಂದು ಎರಡೂ ಸಾಲನ್ನು ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಕೆಳಗೆ ಸಹಿ ಹಾಕಿದರು.